ಗಿರಣಿ ಮಹಾಂತಪ್ಪನ ದಬದಬಿ

ಮುರಗೋಡಕ್ಕೆ ಬಂದು ಮಹಾಂತಪ್ಪ ಎಲ್ಲಿ ಅಂತ ಕೇಳಿದರೆ, ಯಾವ ಮಹಾಂತಪ್ಪ ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಮಠದ ಊರು, ಓಣಿಗೊಬ್ಬ ಮಹಾಂತಪ್ಪ ಇದ್ದಾನೆ. ಗಿರಣಿ ಮಹಾಂತಪ್ಪ ಅನ್ನಿ, ಆಗ ಯಾರೂ ಕೈ ಎತ್ತಿ ದಾರಿ ತೋರಿಸುವ ತ್ರಾಸು ತೆಗೆದುಕೊಳ್ಳುವುದಿಲ್ಲ. "ಸುಮ್ಮ ನಿಂತ ಕೇಳ್ರಿ. ಎಲ್ಲಿಂದ ಒದರೂದು ಕೇಳತೈತಿ, ಆ ಕಡೆ ಹೋಗ್ರಿ" ಅನ್ನುತ್ತಾರೆ.

ಒದರುವುದು ಅವನ ತಪ್ಪಲ್ಲ ಬಿಡಿ. ಮೀಸೆ ಮೂಡುವ ಮೊದಲೇ ಅವರಪ್ಪ ಅವನನ್ನು ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿದ. ಒಂದು ಮಗ್ಗುಲಿಗೆ ಜೋಳ ಬೀಸುವ ಕಲ್ಲು, ಇನ್ನೊಂದು ಮಗ್ಗುಲಿಗೆ ಖಾರ ಕುಟ್ಟುವ ಯಂತ್ರ, ನಡುವೆ ಪಟಪಟ ಬಡಿದುಕೊಳ್ಳುವ ಪಟ್ಟಾ. ಆ ಗದ್ದಲದಲ್ಲಿ "ಅಕ್ಕಾರ, ಸಣ್ಣಗ ಬೀಸಲೋ, ದಪ್ಪ ಬೀಸಲೋ?" ಎಂದು ಕೇಳಬೇಕಾದರೆ ಹೊಟ್ಟೆಯ ತಳದಿಂದ ದನಿ ಎಳೆಯಬೇಕು. ಎಳೆದೂ ಎಳೆದೂ ಅದು ಆ ಎತ್ತರದಲ್ಲೇ ನಿಂತುಬಿಟ್ಟಿತು, ಕೆಳಗೆ ಇಳಿಯಲೇ ಇಲ್ಲ. ಮನೆಯಲ್ಲಿ ಹೆಂಡತಿ ಗುರವ್ವನ ಜೊತೆ ಅವನು ಪ್ರೀತಿಯ ಮಾತಾಡಿದರೂ ಎದುರು ಮನೆಯವರು ಜಗಳ ಬಿಡಿಸಲು ಓಡಿ ಬರುತ್ತಿದ್ದರು. ಒಮ್ಮೆ ಪ್ರವಚನಕ್ಕೆ ಕೂತವನು ಪಕ್ಕದವನ ಕಿವಿಯ ಹತ್ತಿರ ಬಾಯಿ ಒಯ್ದು, ತನ್ನ ಪ್ರಕಾರ ಬಹಳ ಗುಟ್ಟಾಗಿ, "ಇದು ಯಾವಾಗ ಮುಗೀತೈತೋ ಮಾರಾಯಾ, ಹೊಟ್ಟಿ ಹಸದು ಸಾಯಾಕತ್ತೇನಿ" ಅಂದ. ವೇದಿಕೆಯ ಮೇಲಿಂದ ಸ್ವಾಮಿಗಳು, "ಇನ್ನೇನು ಮುಗೀತಪಾ ಮಹಾಂತಪ್ಪ, ಪ್ರಸಾದ ತಯಾರೈತಿ" ಅಂದರು. ಅವನಿಗೆ ಮಾತ್ರ ಸ್ವಾಮಿಗಳಿಗೆ ಹೇಗೆ ಗೊತ್ತಾಯಿತು ಅನ್ನುವುದು ಇವತ್ತಿಗೂ ಸೋಜಿಗ.

ಇಂಥ ಮನುಷ್ಯ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ ಜಾಗ ಒಂದೇ ಒಂದು. ಊರಾಚೆ ಗುಡ್ಡ ದಾಟಿದರೆ ಒಂದು ಕೊಳ್ಳ ಇದೆ. ಮಳೆ ಹಿಡಿದರೆ ಮೇಲಿನ ಹೊಲಗಳ ನೀರೆಲ್ಲ ಹಳ್ಳವಾಗಿ ಬಂದು ಆ ಕೊಳ್ಳದ ಬಂಡೆಯ ಮೇಲಿಂದ ಧುಮುಕುತ್ತದೆ. ಪೇಪರಿನವರು ಜಲಪಾತ ಅಂದಾರು. ನಮ್ಮವರು ದಬದಬಿ ಅನ್ನುತ್ತಾರೆ. ಅದನ್ನು ನೋಡಲು ಯಾರೂ ಬರುವುದಿಲ್ಲ. ಸವದತ್ತಿಗೆ ಹೋಗುವವರಿಗೆ ಯಲ್ಲಮ್ಮ ಇದ್ದಾಳೆ, ಕಿತ್ತೂರಿಗೆ ಹೋಗುವವರಿಗೆ ಕೋಟೆ ಇದೆ, ಈ ಕೊಳ್ಳಕ್ಕೆ ಕುರಿ ಕಾಯುವವರು ಬಿಟ್ಟರೆ ಗಿರಣಿ ಮಹಾಂತಪ್ಪ ಒಬ್ಬನೇ. ಶ್ರಾವಣದಲ್ಲಿ ಒಂದು ದಿನ ಗಿರಣಿ ಬಂದ್ ಇಟ್ಟು, ಬುತ್ತಿ ಕಟ್ಟಿಸಿಕೊಂಡು, ಮಗಳು ನೀಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅಪ್ಪ ಮಗಳು ನೀರಿನ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದರು. ತನಗಿಂತ ಜೋರಾಗಿ ಒದರುವ ಆ ನೀರಿನ ಜೊತೆ ಮಹಾಂತಪ್ಪ ಪೈಪೋಟಿಗೆ ಇಳಿಯುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ದಬದಬಿ ಸಣ್ಣಗಾಗಿ, ತೊಟ್ಟಿಕ್ಕಿ, ನಿಂತು ಹೋಗುತ್ತಿತ್ತು. ಆಮೇಲೆ ಮುಂದಿನ ಮಳೆಗಾಲದವರೆಗೆ ಅಲ್ಲಿ ಒಣ ಬಂಡೆ ಮತ್ತು ಹಲ್ಲಿ, ಅಷ್ಟೇ.

ಹೀಗಿದ್ದದ್ದು ಇದ್ದ ಹಾಗೆ ಇದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ನೀಲಾಳನ್ನು ಗೋಕಾಕದ ಕಡೆಗೆ ಕೊಟ್ಟಿದ್ದೇ ಎಡವಟ್ಟಾಯಿತು. ಹುಡುಗ ಶಿವಲಿಂಗ ಚಿನ್ನದಂಥವನು, ಬೀಗತಿ ಸಿದ್ದಲಿಂಗವ್ವ ಬಾಯಿ ಬಿಚ್ಚದ ಹೆಂಗಸು. ಆದರೆ ಬೀಗ ವೀರಪ್ಪ ಇದ್ದಾನಲ್ಲ, ಅವನು ಗೋಕಾಕದ ಫಾಲ್ಸನ್ನು ತನ್ನ ಮುತ್ತಜ್ಜ ಕಟ್ಟಿಸಿದ ಹಾಗೆ ಮಾತಾಡುತ್ತಿದ್ದ. ಮದುವೆಯ ಊಟಕ್ಕೆ ಕೂತಾಗ, ಹಪ್ಪಳ ಮುರಿಯುತ್ತ, "ನಿಮ್ಮ ಕಡೆ ಹಿಂಥಾ ಫಾಲ್ಸ್ ಇಲ್ಲ ಬಿಡ್ರಿ ಬೀಗರ" ಅಂದ. ಮಹಾಂತಪ್ಪನಿಗೆ ತಡೆಯಲಿಲ್ಲ.

"ಯಾಕಿಲ್ರಿ? ನಮ್ಮೂರಾಗೂ ದಬದಬಿ ಐತಿ. ಹನ್ನೆರಡು ತಿಂಗಳಾ ಬೀಳತೈತಿ!"

ಅವನ ದನಿ ಗೊತ್ತಲ್ಲ. ಇಡೀ ಪಂಕ್ತಿ ತಿರುಗಿ ನೋಡಿತು. ಊರವರು ತಟ್ಟೆಗೆ ತಲೆ ಹಾಕಿ ನಕ್ಕರು. ಗುರವ್ವ ಕಣ್ಣಲ್ಲೇ ಸುಟ್ಟಳು. ಆಡಿದ ಮಾತು ಆಡಿಯಾಗಿತ್ತು.

ಮದುವೆಯಾಗಿ ವರ್ಷ ತಿರುಗಿ, ಮುಂದಿನ ಮಾಘದ ಕೊನೆಗೆ ನೀಲಾಗೆ ಏಳು ತಿಂಗಳು ತುಂಬಿತು. ಗಂಡ ಹೆಂಡತಿ ಕುಬಸದ ಸೀರೆ, ಹೂವು, ಹೋಳಿಗೆ ಬುಟ್ಟಿ ತೆಗೆದುಕೊಂಡು ಹೋಗಿ ಬಸುರಿ ಮಗಳಿಗೆ ಉಡಿ ತುಂಬಿದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಕುಬಸ ಮುಗಿಸಿ ಮಗಳನ್ನು ಕರೆದುಕೊಂಡೇ ಹೊರಡುವುದು ಎಂದು ಮಹಾಂತಪ್ಪ ಜೀಪಿಗೂ ಹೇಳಿ ಇಟ್ಟಿದ್ದ. ವೀರಪ್ಪ ಗಂಟಲು ಸರಿಪಡಿಸಿಕೊಂಡ.

"ತಪ್ಪು ತಿಳೀಬ್ಯಾಡ್ರಿ ಬೀಗರ. ಬ್ಯಾಸಗಿ ಬಂತು. ಬಾಣಂತನ ಅಂದ್ರ ನೀರು ಎಷ್ಟ ಬೇಕು ನಿಮಗ ಗೊತ್ತೈತಿ. ಕೂಸಿಗೆ ಎರಿಯಾಕ, ಅರಿವಿ ಒಗಿಯಾಕ. ನಿಮ್ಮೂರಾಗ ನೀರಿನ ತ್ರಾಸ. ಹೆರಿಗಿ ಇಲ್ಲೇ ಆಗಲಿ."

"ನಮ್ಮೂರಾಗ ನೀರಿನ ತ್ರಾಸ ಅಂತ ಯಾರ ಹೇಳಿದ್ರು?"

"ಹಂಗಂದ್ರ ಐತಿ ಅಂತೀರಿ?"

"ದಬದಬಿನ ಐತಿ ಅಂತೇನಿ!"

ವೀರಪ್ಪ ಮೀಸೆಯಲ್ಲಿ ನಕ್ಕ. ಅವನಿಗೆ ಮದುವೆಯ ಪಂಕ್ತಿಯ ಮಾತು ನೆನಪಿತ್ತು, ಆವತ್ತೇ ಅನುಮಾನವೂ ಬಂದಿತ್ತು. "ಚೊಲೋ ಆತು. ಬರೂ ಸೋಮವಾರ ನಾವು ಸಿರಸಂಗಿ ಕಾಳವ್ವಗ ಹೋಗೂದೈತಿ. ನೀಲಾನೂ ಬರತಾಳ. ಹೊಳ್ಳಿ ಬರೂಮುಂದ ನಿಮ್ಮ ದಬದಬಿ ನೋಡೂನು. ಬಯಕಿ ಬುತ್ತಿ ಅಲ್ಲೇ ಉಣ್ಣೂನು. ನೀರ ಬೀಳತಿತ್ತಂದ್ರ ಅಲ್ಲಿಂದಾನ ನಿಮ್ಮ ಮಗಳನ್ನ ನಿಮ್ಮ ಮನಿಗೆ ಕರಕೊಂಡ ಹೋಗ್ರಿ. ಇಲ್ಲಂದ್ರ ನಮ್ಮ ಜೀಪಿನ್ಯಾಗ ಹೊಳ್ಳಿ ಬರತಾಳ. ಏನಂತೀರಿ?"

ಏನನ್ನುತ್ತಾನೆ? "ಆಗಲಿ" ಅಂದ. ಅಂದು ಬಂದು ಖಾಲಿ ಜೀಪಿನಲ್ಲಿ ಕೂತ. ಯರಗಟ್ಟಿ ಬರುವವರೆಗೆ ಗುರವ್ವ ಒಂದು ಮಾತೂ ಆಡಲಿಲ್ಲ. ಆಮೇಲೆ ಆಡಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ರಾತ್ರಿ ನೀಲಾಳ ಫೋನು ಬಂತು. "ಅಪ್ಪಾ, ಇಲ್ಲಿ ಎಲ್ಲಾರೂ ಚೊಲೋ ಅದಾರ. ಮಾವ ತಿನ್ನಾಕ ಏನ ಬೇಡಿದ್ರೂ ತರತಾರ. ಆದ್ರ ನನಗ ಅಂಜಿಕಿ ಬರತೈತಿ. ಅವ್ವ ಮಗ್ಗಲದಾಗ ಇರಬೇಕು ಅನಸತೈತಿ." ಸ್ವಲ್ಪ ತಡೆದು, "ಫಾಲ್ಗುಣದಾಗ ಎಲ್ಲೀ ದಬದಬಿ ಅಪ್ಪಾ?" ಅಂದಳು. ಅವಳು ಅಲ್ಲೇ ಆಡಿ ಬೆಳೆದವಳು, ಅವಳಿಗೆ ಸುಳ್ಳು ಹೇಳಿ ದಕ್ಕೀತೇ? ಮಹಾಂತಪ್ಪ, "ನೀ ಚಿಂತಿ ಮಾಡಬ್ಯಾಡವಾ, ನಾ ಅದೇನಿ" ಅಂದ. ಫೋನಿಟ್ಟ ಮೇಲೆ ಅವನು ಅಂಗಳದಲ್ಲಿ ಅಡ್ಡಾಡಿದ. ಮಗಳ ಅಂಜಿಕೆ ಒಂದು ಕಡೆ, ತನ್ನ ಬಾಯಿ ಮಾಡಿದ ಹಲ್ಕಟ್ ಕೆಲಸ ಒಂದು ಕಡೆ.

ಬೆಳಗಾಗುತ್ತಲೇ ಗುಡ್ಡ ಹತ್ತಿದ. ದಬದಬಿಯ ನೆತ್ತಿಯ ಮೇಲೆಯೇ ಮಲಕಾಜಪ್ಪನ ಹೊಲ. ಕಬ್ಬು ಹಾಕಿದ್ದ. ಹೊಲದ ಮೂಲೆಯಲ್ಲಿ ದೊಡ್ಡದೊಂದು ಕೃಷಿ ಹೊಂಡ, ತಳಕ್ಕೆ ನೀಲಿ ತಾಡಪತ್ರಿ, ಅದರ ತುಂಬ ನೀರು. ದಂಡೆಯ ಮೇಲೆ ಭಾರೀ ಮೋಟರು. ಮಲಕಾಜಪ್ಪ ಮಾತಿಗೆ ಬಹಳ ಜಿಪುಣ. ಮಹಾಂತಪ್ಪ ತನ್ನ ಗೋಳನ್ನೆಲ್ಲ ಒದರಿ ಮುಗಿಸುವವರೆಗೆ ಅವನು ತಂಬಾಕು ತಿಕ್ಕುತ್ತ ಕೂತಿದ್ದ. ತಿಕ್ಕಿ, ತುಟಿಯ ಒಳಗೆ ಇಟ್ಟುಕೊಂಡು, ಹೊಂಡದ ಕಡೆ ನೋಡಿದ, ಬಂಡೆಯ ಕಡೆ ನೋಡಿದ.

"ಪೈಪ್ ಸಾಲತಾವು" ಅಂದ.

ಬದುಕಿದೆಯಾ ಬಡಜೀವವೇ ಅಂತ ಮಹಾಂತಪ್ಪ ಅವನನ್ನು ತಬ್ಬಿಕೊಳ್ಳಲು ಹೋದ. ಅಷ್ಟರಲ್ಲಿ ಗುಡಿಸಲಿನಿಂದ ಅವನ ಹೆಂಡತಿ ಸತ್ಯವ್ವ ಹೊರಗೆ ಬಂದಳು. ಗಂಡ ಆಡದ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು.

"ನೀರ ಕೊಡತೇವಿ. ಈ ಸಲ ನಮ್ಮ ಮೆಣಸಿನಕಾಯಿ ಪಾಳಿಗೆ ಹಚ್ಚಬಾರದು. ನಾ ಚೀಲ ತಂದ ಕೂಡ್ಲೇ ಎಲ್ಲಾರಕಿಂತ ಮೊದಲ ಕುಟ್ಟಿ ಕೊಡಬೇಕು."

ಇದು ಸಣ್ಣ ಮಾತಲ್ಲ. ಶಿವರಾತ್ರಿ ಆದ ಮೇಲೆ ಊರಿಗೆ ಊರೇ ವರ್ಷದ ಖಾರ ಕುಟ್ಟಿಸಲು ಬರುತ್ತದೆ. ಗಿರಣಿಯ ಮುಂದೆ ಚೀಲಗಳ ಸಾಲು ಬೀದಿಗೆ ಬಂದಿರುತ್ತದೆ. ಮಹಾಂತಪ್ಪನ ಗಿರಣಿಯಲ್ಲಿ ಪಾಳಿ ತಪ್ಪಿಸಿದ್ದು ಯಾರ ಕಾಲಕ್ಕೂ ಇಲ್ಲ. ಸ್ವಂತ ಅತ್ತೆಯನ್ನು ಸಾಲಿನಲ್ಲಿ ನಿಲ್ಲಿಸಿ, ಅವಳು ಸಾಯುವವರೆಗೆ ಬೈಸಿಕೊಂಡವನು ಅವನು. ಆದರೆ ಮಗಳ ಮುಂದೆ ಪಾಳಿ ಏನು ಲೆಕ್ಕ? "ಆತವ್ವ, ಕುಟ್ಟತೇನಿ" ಅಂದ.

ಮುಂದಿನ ಕೆಲಸ ಬೇಗ ಬೇಗ ನಡೆಯಿತು. ಹೊಂಡದಿಂದ ಬಂಡೆಯ ಅಂಚಿನವರೆಗೆ ಪೈಪು ಜೋಡಿಸಿದರು. ಕೊನೆಯ ಪೈಪಿನ ಬಾಯಿಯನ್ನು ಒಂದು ಕಾರಿ ಗಿಡದ ಹಿಂದೆ ಹುದುಗಿಸಿ, ಮೇಲೆ ಕಬ್ಬಿನ ಒಣಗರಿಯ ರವದಿ ಹೊದಿಸಿದರು. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಆ ವಾರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಇತ್ತು. ಗಿರಣಿಯವನಿಗೆ ಅದರ ವೇಳೆ ಬಾಯಿಪಾಠ. ಮಲಕಾಜಪ್ಪ ಸ್ಟಾರ್ಟರನ್ನು ಆಟೋಕ್ಕೆ ಹಾಕಿದ್ದ, ಕರೆಂಟು ಬಂದರೆ ಮೋಟರು ತಾನೇ ಚಾಲೂ ಆಗಬೇಕು. ಭಾನುವಾರ ಒಮ್ಮೆ ಬಿಟ್ಟು ನೋಡಿದರು. ಪೈಪು ಖೊಕ್ ಖೊಕ್ ಎಂದು ಕೆಮ್ಮಿ, ಗಾಳಿ ಉಗುಳಿ, ಆಮೇಲೆ ಧೋ ಎಂದು ನೀರು ಸುರಿಯಿತು. ಬಂಡೆಯ ಮೇಲೆ ಬಿದ್ದು, ಒಡೆದು, ಬಿಳಿ ನೊರೆಯಾಗಿ ಇಳಿಯಿತು. ಕೆಳಗೆ ನಿಂತ ಮಹಾಂತಪ್ಪನಿಗೆ ಕಣ್ಣು ತುಂಬಿ ಬಂತು. ಶ್ರಾವಣದ ದಬದಬಿಗೆ ಹೋಲಿಸಿದರೆ ಇದು ಮರಿ. ಆದರೂ ದಬದಬಿಯೇ.

"ಬ್ಯಾಸಗಿ ಅಂತ ಸಣ್ಣಗಾಗೈತಿ ಅಂತ ಹೇಳೂದು" ಎಂದು ಅವನು ಗುರವ್ವನಿಗೆ ಪಾಠ ಒಪ್ಪಿಸಿದ. ಗುರವ್ವ ಹಣೆ ಚಚ್ಚಿಕೊಂಡು, "ನಾಳೆ ನೀವು ಬಾಯಿ ಬಿಡದಿದ್ರ ಅದಽ ದೊಡ್ಡ ಉಪಕಾರ" ಅಂದಳು.

ಸೋಮವಾರ ಬೀಗರು ಸಿರಸಂಗಿ ಮುಗಿಸಿ, ಗಂಡ ಹೆಂಡತಿ ಬುತ್ತಿ ಹಿಡಿದು ಕಾಯುತ್ತಿದ್ದ ಕೊಳ್ಳಕ್ಕೆ ಬಂದರು. ವೀರಪ್ಪ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ಗಾಂಧಿ ಟೋಪಿ ಹಾಕಿ ಸೋಲಿಲ್ಲದ ಸರದಾರನಂತೆ ಜೀಪಿನಿಂದ ಇಳಿದ. ಹಿಂದೆ ಸಿದ್ದಲಿಂಗವ್ವ, ಫೋನು ಹಿಡಿದ ಶಿವಲಿಂಗ, ಅವನ ಕೈ ಹಿಡಿದು ತುಂಬು ಹೊಟ್ಟೆಯ ನೀಲಾ. ಜೀಪು ಕೊಳ್ಳದ ಬಾಯಿಯವರೆಗೆ ಬರುತ್ತಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ. ತಿರುವು ದಾಟುವ ಮೊದಲೇ ನೀರಿನ ಸದ್ದು ಕೇಳಿಸಿತು. ವೀರಪ್ಪನ ಹೆಜ್ಜೆ ತಡೆಯಿತು.

"ಖರೇನ ಐತಲ್ರಿ!"

"ಹಂಗಂದ್ರ ನಾ ಸುಳ್ಳು ಹೇಳಿದ್ನೇನು?" ಅಂದ ಮಹಾಂತಪ್ಪ. ಈ ಮನುಷ್ಯನಿಗೆ ನಾಚಿಕೆ ಅನ್ನುವುದು ಎಲ್ಲಿಂದ ಬರಬೇಕು ಹೇಳಿ.

ನೀಲಾ ನೀರನ್ನು ಒಮ್ಮೆ ನೋಡಿದಳು, ಮೇಲಿನ ಕಾರಿ ಗಿಡವನ್ನು ಒಮ್ಮೆ ನೋಡಿದಳು, ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಅವ್ವನ ಭುಜದ ಹಿಂದೆ ಮುಖ ಮರೆಸಿದಳು. ಬಸುರಿಗೆ ನಗು ತಡೆದುಕೊಳ್ಳುವುದು ಎಷ್ಟು ಕಷ್ಟ! ಸಿದ್ದಲಿಂಗವ್ವ, "ಯಾಕವಾ, ಸುಸ್ತಾತೇನು?" ಎಂದು ಬೆನ್ನು ಸವರಿದಳು.

ಬಂಡೆಯ ನೆರಳಿನಲ್ಲಿ ಚಾದರ ಹಾಸಿ ಬುತ್ತಿ ಬಿಚ್ಚಿದರು. ಕಡಕ್ ರೊಟ್ಟಿ, ಎಣ್ಣೆಗಾಯಿ ಬದನೆ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಒಗ್ಗರಣೆ ಹಾಕಿದ ಮೊಸರನ್ನ, ನೀಲಾಗೆಂದೇ ಹುಣಸೆ ಚಿಗುಳಿ. ಗುರವ್ವ ಎರಡು ದಿನ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಶಿವಲಿಂಗ ನೀರಿನದೂ ಹೆಂಡತಿಯದೂ ವಿಡಿಯೋ ತೆಗೆಯುತ್ತ ಅಡ್ಡಾಡಿದ. ವೀರಪ್ಪ ಮಾತ್ರ ರೊಟ್ಟಿ ಮುರಿಯುತ್ತಿದ್ದರೂ ಕಣ್ಣು ಬಂಡೆಯ ಮೇಲೇ ಇಟ್ಟಿದ್ದ. ಫಾಲ್ಸಿನ ಊರಿನವನು, ಅವನಿಗೆ ಯಾವುದೋ ಒಂದು ಸರಿ ಕಾಣುತ್ತಿರಲಿಲ್ಲ.

"ಅಲ್ರಿ ಬೀಗರ, ಹನ್ನೆರಡು ತಿಂಗಳಾ ಬಿದ್ರ ಬಂಡಿಗೆ ಪಾಚಿ ಹಿಡೀಬೇಕಲ್ಲ? ಇದು ಭಣಭಣ ಐತಿ."

"ನಮ್ಮ ನೀರು ಸ್ವಚ್ಛ್ರಿ, ಪಾಚಿ ಹಿಡಿಯೂದಿಲ್ಲ!"

"ಮ್ಯಾಲ ಹಳ್ಳದ ಗುರುತಽ ಕಾಣವಲ್ದು. ನೀರು ಆ ಗಿಡದ ಬುಡದಿಂದ ಬರಾಕತ್ತೈತಿ."

"ಅದು ಉದ್ಭವ್ರೀ!"

ಉದ್ಭವ ಅನ್ನುವ ಮಾತಿಗೆ ಸಿದ್ದಲಿಂಗವ್ವ ಎರಡೂ ಕೈ ಎತ್ತಿ ನೀರಿಗೆ ನಮಸ್ಕಾರ ಮಾಡಿದಳು. ವೀರಪ್ಪನೂ, ಯಾಕೆ ಬೇಕು ಅಂತ, ಟೋಪಿ ಮುಟ್ಟಿಕೊಂಡ. ಮಾದಲಿಗೆ ಹಾಲು ಹಾಕಿಸಿಕೊಂಡ ಮೇಲೆ ಅವನ ಮುಖ ಸಡಿಲವಾಯಿತು. "ಆತು ಬೀಗರ. ಸೋತೆ. ಆಡಿದ ಮಾತಿಗೆ ತಪ್ಪಾಂವ ಅಲ್ಲ ನಾನು. ಊಟ ಮುಗಿಸಿ ನೀಲಾನ್ನ ಕರಕೊಂಡ ಹೋಗ್ರಿ" ಅಂದ.

ಆಹಾ! ಆ ಗಳಿಗೆಗೆ ಮಹಾಂತಪ್ಪ ಸುಮ್ಮನೆ ರೊಟ್ಟಿ ತಿಂದುಕೊಂಡು ಕೂತಿದ್ದರೆ ಆಗುತ್ತಿತ್ತು. ಕೂರಲಾಗಲಿಲ್ಲ. ಸಂತೋಷ ಅವನ ಗಂಟಲವರೆಗೆ ಬಂದಿತ್ತು, ಯಾರಿಗಾದರೂ ಹೇಳಲೇಬೇಕಿತ್ತು. ಹೆಂಡತಿಯ ಕಡೆ ವಾಲಿದ. ನೀರು ಧೋ ಎಂದು ಸುರಿಯುತ್ತಿದೆ, ಈ ಗದ್ದಲದಲ್ಲಿ ತನ್ನ ಮಾತು ಅವಳಿಗಾದರೂ ಕೇಳಬೇಕಲ್ಲ ಎಂದು, ಗಿರಣಿಯಲ್ಲಿ ಮಾಡುವ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು ಹೊಟ್ಟೆಯ ತಳದಿಂದ ದನಿ ತೆಗೆದ.

ಅದೇ ಗಳಿಗೆಗೆ ಕರೆಂಟು ಹೋಯಿತು.

ಯಾವುದೋ ಲೈನಿನ ರಿಪೇರಿಗೆ ಎರಡು ನಿಮಿಷ ಕರೆಂಟು ತೆಗೆದಿದ್ದರು ಅಂತ ಆಮೇಲೆ ಗೊತ್ತಾಯಿತು. ದಬದಬಿ ಕತ್ತರಿಸಿ ಹಾಕಿದಂತೆ ನಿಂತಿತು. ಕೊಳ್ಳದೊಳಗೆ ಗುಬ್ಬಿಯ ಸದ್ದೂ ಇಲ್ಲದ ಮೌನ. ಆ ಮೌನದ ನಟ್ಟನಡುವೆ ಮಹಾಂತಪ್ಪನ ದನಿಯೊಂದೇ ಗುಡ್ಡದಿಂದ ಗುಡ್ಡಕ್ಕೆ ಬಡಿದು ಬಡಿದು ತಿರುಗಿತು:

"ಮಲಕಾಜಪ್ಪನ ಮೋಟರು ನಮ್ಮ ಮಾನಾ ಉಳಸ್ತು ನೋಡಽ! ಈ ಗೋಕಾಕದ ಗೂಬಿಗೆ ಒಂದೀಟೂ ಗೊತ್ತಾಗಲಿಲ್ಲ!"

ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ, ಅಂತ ಗುಡ್ಡ ಇನ್ನೂ ಹೇಳುತ್ತಿತ್ತು. ಗುರವ್ವ ಕಣ್ಣು ಮುಚ್ಚಿದಳು. ಶಿವಲಿಂಗನ ಫೋನು ಇನ್ನೂ ವಿಡಿಯೋ ತೆಗೆಯುತ್ತಲೇ ಇತ್ತು. ಮಹಾಂತಪ್ಪನ ಕೈ ಬಾಯಿಯ ಹತ್ತಿರವೇ ಉಳಿಯಿತು.

ವೀರಪ್ಪ ತುತ್ತನ್ನು ತಾಟಿನಲ್ಲಿ ಬಿಟ್ಟು ಎದ್ದ. ಸೀದಾ ಬಂಡೆಯ ಬುಡಕ್ಕೆ ನಡೆದ. ಈಗಷ್ಟೇ ನೀರು ಬೀಳುತ್ತಿದ್ದ ಜಾಗದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕತ್ತೆತ್ತಿ ಗಿಡದ ಬುಡ ನೋಡಿದ. ರವದಿ ಸರಿದು ಪೈಪಿನ ಕಪ್ಪು ಬಾಯಿ ಚೆನ್ನಾಗಿ ಕಾಣುತ್ತಿತ್ತು.

"ಗೂಬಿ ಅಂತ ನಾನು! ಉದ್ಭವ ಅಂತ ಅದು! ನಮಸ್ಕಾರ ಬ್ಯಾರೆ ಮಾಡಿಸಿದಿ ನನ್ನ ಹೇಣ್ತಿ ಕಡಿಂದ!"

"ಬೀಗರ, ಈ ಕಡೆ ಬರ್ರಿ" ಅಂದ ಮಹಾಂತಪ್ಪ. ಅವನಿಗೆ ಆಟೋ ಸ್ಟಾರ್ಟರು ನೆನಪಾಗಿತ್ತು.

"ಬರೂದಿಲ್ಲ! ಇಲ್ಲೇ ನಿಂತು ಕೇಳತೇನಿ. ಹನ್ನೆರಡು ತಿಂಗಳಾ ನೀರು ಅಂದಿ..."

"ಅಲ್ಲಿ ನಿಂದರಬ್ಯಾಡ್ರೀ, ನಿಮ್ಮ ಕಾಲ ಬೀಳತೇನಿ!"

"ಕಾಲಿಗೆ ಬಿದ್ರೂ ಬಿಡಾಂವ ಅಲ್ಲ ನಾನು!"

ಮೇಲೆ ಪೈಪು ಖೊಕ್ ಎಂದು ಕೆಮ್ಮಿತು. ವೀರಪ್ಪ ಮತ್ತೆ ಕತ್ತೆತ್ತಿದ. ಎತ್ತಿದ ಮುಖದ ಮೇಲೆಯೇ ಹೊಂಡದ ನೀರು ಧೊಪ್ಪೆಂದು ಬಿತ್ತು. ಟೋಪಿ ಹೋಯಿತು, ಒಂದು ಕಾಲಿನ ಜೋಡು ಹೋಯಿತು, ಇಸ್ತ್ರಿಯ ಅಂಗಿ ಮೈಗೆ ಅಂಟಿಕೊಂಡಿತು. ಉಸಿರು ಸಿಕ್ಕದೆ ಅವನು ಅಲ್ಲೇ ಎರಡು ಸುತ್ತು ತಿರುಗಿ, ಯಾವ ಕಡೆ ಹೊರಗೆ ಬರಬೇಕೋ ತಿಳಿಯದೆ, ಕಡೆಗೆ ಶಿವಲಿಂಗ ಕೈ ಹಿಡಿದು ಎಳೆದಾಗ ಹೊರಗೆ ಬಂದ. ಮಗನಿಗೆ ನಗು ಬಂದು ಎಳೆಯಲೂ ಬಲ ಇರಲಿಲ್ಲ. ನೀಲಾ ಹೊಟ್ಟೆ ಹಿಡಿದುಕೊಂಡು, "ಅವ್ವಾ, ಸಾಕವ್ವಾ" ಎನ್ನುತ್ತ ನಗುತ್ತಿದ್ದಳು.

ವೀರಪ್ಪ ನಗಲಿಲ್ಲ. ಮುಖ ಒರೆಸಿಕೊಂಡ. "ಶಿವಲಿಂಗಾ, ಜೀಪ್ ತಿರುವು. ನೀಲವ್ವಾ, ಏಳವಾ. ನೀರಿದ್ರ ಬಿಡತೇನಿ ಅಂದಿದ್ದೆ. ಮೋಟರಿದ್ರ ಬಿಡತೇನಿ ಅಂದಿದ್ದಿಲ್ಲ."

ಎಲ್ಲರ ನಗು ಒಮ್ಮೆಲೇ ಬತ್ತಿತು. ನೀಲಾ ಸೆರಗು ಸರಿಪಡಿಸಿಕೊಂಡು, ನೆಲಕ್ಕೆ ಕೈ ಊರಿ ಎದ್ದು ನಿಲ್ಲಲು ಹೊರಟಳು. ಮಾವನ ಮುಂದೆ ಅಳಬಾರದು ಅಂತ ತುಟಿ ಕಚ್ಚಿಕೊಂಡಿದ್ದಳು. ಅದನ್ನು ನೋಡಿ ಮಹಾಂತಪ್ಪ ಕೈ ಮುಗಿದ.

"ತಪ್ಪಾತ್ರಿ ಬೀಗರ. ನನ್ನ ಬಾಯಿ ಸುಡಲಿ. ನನಗ ಏನ ಬೇಕಾದ್ರ ಅನ್ರಿ, ಊರ ಮುಂದ ನಿಲ್ಲಿಸಿ ಅನ್ರಿ. ನಲ್ಲಿ ನೀರ ಬರಲಿಲ್ಲಂದ್ರ ನಾ ಕೊಡ ಹೊತ್ತ ತರತೇನಿ. ಹುಡುಗಿಗೆ ಅಂಜಿಕಿ ಬಂದೈತ್ರಿ. ಅಕಿನ್ನ ಬಿಟ್ಟ ಹೋಗ್ರಿ."

"ಮುಗೀತು ಮಾತು."

"ಏಳಬ್ಯಾಡ ನೀಲಾ. ಕುಂದರು."

ಅಂದವಳು ಸಿದ್ದಲಿಂಗವ್ವ. ಎಲ್ಲರೂ ಅವಳ ಕಡೆ ತಿರುಗಿದರು. ಸಿರಸಂಗಿಯಿಂದ ಇಲ್ಲಿಯವರೆಗೆ ನಾಲ್ಕು ಮಾತು ಆಡಿದ್ದರೆ ಹೆಚ್ಚು, ಅಂಥ ಹೆಂಗಸು. ಅವಳು ಎದ್ದಿರಲೇ ಇಲ್ಲ. ತಾಟು ತೊಡೆಯ ಮೇಲಿಟ್ಟುಕೊಂಡು ರೊಟ್ಟಿ ಮುರಿಯುತ್ತಿದ್ದಳು.

"ರೀ, ಶಿವಲಿಂಗ ಹೊಟ್ಟ್ಯಾಗಿದ್ದಾಗ ನಮ್ಮಪ್ಪ ನನ್ನ ಕರಿಯಾಕ ಬಂದಿದ್ದ. ನೆನಪೈತೇನು?"

"ಈಗ್ಯಾಕ ಅದು?" ಅಂದ ವೀರಪ್ಪ.

"ರಾಮದುರ್ಗದ ಕಡೇಲಿಂದ ಬಸ್ಸು ಬದಲಿ ಮಾಡಿ, ಬುತ್ತಿ ಹೊತಗೊಂಡು ಬಂದಿದ್ದ. ನಿಮ್ಮವ್ವ ಕೇಳಿದ್ರು, ಬ್ಯಾಸಗ್ಯಾಗ ನಿಮ್ಮೂರಾಗ ನೀರ ಐತೇನು ಅಂತ. ನಮ್ಮಪ್ಪ ಇದ್ದದ್ದು ಇದ್ದಂಗ ಹೇಳಿದ. ಇಲ್ರೀ, ಭಾಳ ತ್ರಾಸ ಐತ್ರಿ ಅಂದ. ಹಂಗಾದ್ರ ಕಳಸೂದಿಲ್ಲ ಅಂದ್ರು. ನೀವು ಬಾಗಲದಾಗ ನಿಂತಿದ್ರಿ. ಒಂದ ಮಾತ ಆಡಲಿಲ್ಲ."

ವೀರಪ್ಪನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ನಾ ಒಳಗ ಖೋಲ್ಯಾಗ ಕುಂತ ಕೇಳಾಕತ್ತಿದ್ದೆ. ಯಪ್ಪಾ, ಒಂದ ಸುಳ್ಳ ಹೇಳೋ, ಹೊಳಿ ತುಂಬಿ ಹರದೈತಿ ಅನ್ನೋ, ಅಂತ ಒಳಗಽ ಬಡಕೊಂಡೆ. ಅವಗ ಹೇಳಾಕ ಬರಲಿಲ್ಲ. ಬುತ್ತಿ ಗಂಟ ಕಟ್ಟಿ ಮ್ಯಾಲ ಇಟ್ಟು ಹೊಳ್ಳಿ ಹ್ವಾದ. ನನ್ನ ಮಾರಿ ಸುದ್ದಾ ನೋಡಲಿಲ್ಲ." ಅವಳು ಮಹಾಂತಪ್ಪನ ಕಡೆ ಗಲ್ಲ ಎತ್ತಿ ತೋರಿಸಿದಳು. "ಈ ಅಣ್ಣಾರಿಗೆ ಸುಳ್ಳ ಹೇಳಾಕ ಬಂದೈತಿ. ಮಗಳ ಸಲುವಾಗಿ ಗುಡ್ಡದ ಮ್ಯಾಗಿಂದ ನೀರ ಬೀಳಿಸ್ಯಾರ. ನೀಲಾ ಇಲ್ಲೇ ಇರತಾಳ. ಅಕಿ ಅರಿವಿ ಗಂಟ ನಾಳೆ ಶಿವಲಿಂಗ ತಂದ ಕೊಡತಾನ."

ಮಹಾಂತಪ್ಪನಿಗೆ ಅಷ್ಟು ಕೇಳಿ ತಡೆಯಲಾಗಲಿಲ್ಲ. ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟ. ಮೆಲ್ಲಗೆ ಅಳುವುದು ಅವನಿಗೆ ಎಲ್ಲಿ ಗೊತ್ತು? ಆ ಅಳು ಗುಡ್ಡದ ಮೇಲಿನ ಮಲಕಾಜಪ್ಪನಿಗೆ ಕೇಳಿಸಿತು. ಯಾರೋ ನೀರಿನಲ್ಲಿ ಕೊಚ್ಚಿ ಹೋದರು ಎಂದು ಗಾಬರಿಯಾಗಿ ಅವನು ಓಡಿ ಹೋಗಿ ಮೋಟರು ಬಂದ್ ಮಾಡಿದ. ದಬದಬಿ ಇನ್ನೊಮ್ಮೆ ನಿಂತಿತು.

ವೀರಪ್ಪ ಒಂದೇ ಕಾಲಿನ ಜೋಡಿನಲ್ಲಿ ಬಂದು ಚಾದರದ ಅಂಚಿಗೆ ಕೂತ.

"ಬಾಗಲದಾಗ ನಿಂತಿದ್ದೆ, ಖರೆ" ಅಂದ. "ಅವ್ವಗ ಅಂಜತಿದ್ದೆ."

ಸಿದ್ದಲಿಂಗವ್ವ ಸೊಸೆಯನ್ನು ಹತ್ತಿರ ಎಳೆದುಕೊಂಡು, ಮುರಿದ ರೊಟ್ಟಿಗೆ ಪಲ್ಯ ಹಚ್ಚಿ ಅವಳ ಬಾಯಿಯ ಹತ್ತಿರ ಹಿಡಿದಳು.

"ಉಣ್ಣವಾ. ಅಪ್ಪ ತಂದ ಬುತ್ತಿ ನಾ ಅವತ್ತ ಉಂಡಿದ್ದಿಲ್ಲ."